ಕೆಂಚಿದು ತಪ್ಪಿರಲಿಲ್ಲ

ಮೊನ್ನೆ ನಮ್ಮ ಓಣ್ಯಾಗಿನ ಹೊಸ ಸೊಸಿ ಒಬ್ಬಾಕಿ ಸೆರಗಿನ್ಯಾಗ ಒಂದು ಕೋಳಿ ಮುಚಿಗೊಂಡು ನಮ್ಮನಿಗೆ ಬಂದ್ಲು. "ಯಕ್ಕಾ, ನೋಡಿಲ್ಲಿ, ಇದರ ಬೆನ್ನು ಹೆಂಗ ಬೋಳಾಗೈತಿ. ಬಾಲದ ಪುಕ್ಕ ಒಂದೂ ಉಳಿದಿಲ್ಲ. ಉಳಿದ ಕೋಳಿ ಕುಕ್ಕಿ ಕುಕ್ಕಿ ರಕ್ತ ತಗದಾವ. ಅದರಾಗ ಒಂದು ಭಾಳ ಕೆಟ್ಟದ್ದೈತಿ. ಅದರ ಕೊಕ್ಕು ಸುಟ್ಟುಬಿಡ್ಲೇನು?" ಅಂತ ಕೇಳಿದ್ಲು.

ಆ ಕಡೀ ಮಾತು ಕೇಳಿ ನನ್ನ ಎದಿ ಧಸಕ್ಕಂತು. ಇಪ್ಪತ್ತು ವರ್ಷದ ಹಿಂದ ನಾನೂ ಇದ ಪ್ರಶ್ನೆ ಕೇಳಿದ್ನಿ. ಹೌದು ಸುಡು ಅಂತ ಹೇಳಿದವ್ರು ಇದ್ರು. ನಾ ಸುಟ್ನಿ. ಅದರ ಕಥಿ ಇಲ್ಲಿತನಕ ನಾ ಎಲ್ಲೂ ಬರದಿಲ್ಲ. ಇವತ್ತು ಬರೀತೀನಿ. ಅದರ ಸಂಗಾಟ, ಕೋಳಿ ಕೊಕ್ಕು ಸುಡೋ ಬುದ್ಧಿ ಮನಷ್ಯಾಗ ಎಲ್ಲಿಂದ ಬಂತು ಅನ್ನೋ ದೊಡ್ಡ ಕಥಿನೂ ಹೇಳ್ತೀನಿ. ಪಿಯುಸಿಯಾಗ ನಾ ಇತಿಹಾಸ ಓದಿದಾಕಿ. ರಾಜರದು, ಯುದ್ಧದ್ದು ಎಲ್ಲಾ ಬಾಯಿಪಾಠ ಮಾಡಿದ್ನಿ. ಕೋಳಿ ಪುಕ್ಕಕ್ಕೂ ಒಂದು ಇತಿಹಾಸ ಇರತೈತಿ ಅಂತ ಆಗ ಯಾರೂ ಹೇಳಿರಲಿಲ್ಲ.

ನಾ ಈ ಮನಿಗೆ ಸೊಸಿಯಾಗಿ ಬಂದಾಗ ನಮ್ಮ ಅತ್ತಿ ಹತ್ತು ಹನ್ನೆರಡು ಜವಾರಿ ಕೋಳಿ ಸಾಕಿದ್ರು. ಸಾಕೋದು ಅಂದ್ರ ಏನು, ಸಂಜಿಗೆ ಬುಟ್ಟಿ ಡಬ್ಬ ಹಾಕಿ ಮ್ಯಾಲೊಂದು ಕಲ್ಲು ಇಡೋದು, ಮುಂಜಾನಿ ಬುಟ್ಟಿ ಎತ್ತಿ ಒಂದು ಹಿಡಿ ಜ್ವಾಳದ ನುಚ್ಚು ಚೆಲ್ಲೋದು. ಅಷ್ಟ. ಉಳಿದದ್ದೆಲ್ಲಾ ಕೋಳಿದ ಕೆಲಸ. ತಿಪ್ಪಿ ಕೆದರ್ತಿದ್ವು, ಬಣವಿ ಬುಡಕ್ಕ ಹುಳ ಹುಡುಕ್ತಿದ್ವು, ಬೂದಿಯಾಗ ಹೊರಳಾಡ್ತಿದ್ವು. ಒಂದೀಟು ಜಗಳಾನೂ ಆಡ್ತಿದ್ವು. ಆದ್ರ ಬೋಳು ಬೆನ್ನಿನ ಕೋಳಿ ನಾ ಆಗ ನೋಡಿರಲಿಲ್ಲ.

2003ರಾಗ ಹಿತ್ತಲದ ಅರ್ಧ ಜಾಗದಾಗ ಮೈದುನನ ಮನಿ ಎದ್ದಿತು. ತಿಪ್ಪಿ ಊರ ಹೊರಗ ಹೋತು, ಬಣವಿ ಹೊಲಕ್ಕ ಹೋತು. ಮುಂದಿನ ದಾರಿ ಡಾಂಬರಾಗಿ ಗಾಡಿ ಓಡಾಡಾಕ ಹತ್ತಿದ್ವು, ವಾರದಾಗ ಎರಡು ಕೋಳಿ ಗಾಲಿಗೆ ಸಿಕ್ವು. ನಮ್ಮನಿಯವ್ರು ತಂತಿ ಜಾಳಿಗಿ ತಂದು, ಗ್ವಾಡಿಗೆ ಹಚ್ಚಿ, ಆರು ಫೂಟು ಉದ್ದ ನಾಕು ಫೂಟು ಅಗಲದ ಗೂಡು ಕಟ್ಟಿದ್ರು. ತೊಳಿಯಾಕ ಚಲೋ ಅಂತ ನೆಲಕ್ಕ ಪರಸಿ ಹಾಸಿದ್ರು. ಅದರಾಗ ಹದಿನಾಕು ಕೋಳಿ. ಎಂಟು ನಮ್ಮ ಜವಾರಿ, ಆರು ಸಂತಿಯಾಗ ಹೊಸದಾಗಿ ತಂದ ಗಿರಿರಾಜ. ಲೆಕ್ಕ ಹಾಕಿದ್ರ ಒಂದೊಂದು ಕೋಳಿಗೆ ಎರಡು ಚದರ ಫೂಟೂ ಬರಲಿಲ್ಲ. ಆ ಲೆಕ್ಕ ನಾ ಹಾಕಿದ್ದು ಭಾಳ ವರ್ಷ ಆದ ಮ್ಯಾಲೆ.

ತಿಂಗಳ ತುಂಬೋದ್ರಾಗ ಚುಕ್ಕಿ ಅನ್ನೋ ಕೋಳಿ ಬಾಲ ಬೋಳಾತು. ನಾ ಒಂದು ಮುಂಜಾನಿ ಕುಂತು ನೋಡಿದ್ನಿ. ಕುಕ್ಕಾಕಿ ಕೆಂಚಿ. ಕೆಂಪು ಬಣ್ಣದ ಗಟ್ಟಿಮುಟ್ಟು ಹ್ಯಾಟಿ, ನಮ್ಮ ಅತ್ತೀದು ಅಚ್ಚುಮೆಚ್ಚಿಂದು, ವರ್ಷಕ್ಕ ಎರಡು ಸಲ ಕಾವು ಕುಂತು ಮರಿ ಮಾಡ್ತಿತ್ತು. ಅದು ಸುಮ್ನ ಹಿಂದ ಹೋಗಿ ಚುಕ್ಕಿ ಪುಕ್ಕ ಹಿಡಿದು ಎಳೀತಿತ್ತು, ಎಳದದ್ದನ್ನ ನುಂಗತಿತ್ತು. ರಕ್ತ ಕಂಡ ಮ್ಯಾಲೆ ಉಳಿದವೂ ಕೂಡಿದ್ವು.

ನಮ್ಮ ತವರು ಕಡೆ ಸಂಬಂಧಿಕನೊಬ್ಬ ತತ್ತಿ ಫಾರಂನಾಗ ಕೆಲಸಕ್ಕಿದ್ದ. "ಅದಕ್ಯಾಕ ಇಷ್ಟು ಚಿಂತಿ ಮಾಡ್ತಿ ಯಕ್ಕಾ? ನಮ್ಮಲ್ಲಿ ಮರಿ ಇದ್ದಾಗನ ಕಾದ ಬ್ಲೇಡಿನಾಗ ಕೊಕ್ಕಿನ ತುದಿ ತಗೀತಾರ. ಉಗರು ಕತ್ತರಿಸಿದಂಗ, ನೋವಿಲ್ಲ ಏನಿಲ್ಲ" ಅಂದ. ನಾ ನಂಬಿದ್ನಿ. ಒಲಿಯಾಗ ಕುಡಗೋಲು ಕಾಸಿ, ಅವ ಹಿಡಕೊಂಡ, ನಾ ಒತ್ತಿದ್ನಿ. ಕೆಂಚಿ ಒದರಿದ್ದು ಇನ್ನೂ ನನ್ನ ಕಿವಿಯಾಗ ಐತಿ. ನಮ್ಮ ಅತ್ತಿ ಪಡಸಾಲಿಯಿಂದ ಎದ್ದು ಬಂದು ನೋಡಿ, ಏನೂ ಅನ್ನದ ಒಳಗ ಹೋದ್ರು.

ಅದಾದ ಮ್ಯಾಲೆ ಕೆಂಚಿ ಕಾಳು ಆರಿಸಲಿಲ್ಲ. ಜ್ವಾಳದ ಕಾಳಿಗೆ ಕೊಕ್ಕು ಹಚ್ಚತಿತ್ತು, ತಲಿ ಝಾಡಸತಿತ್ತು, ಮೂಲ್ಯಾಗ ಹೋಗಿ ಕುಂದ್ರತಿತ್ತು. ನುಚ್ಚು ನೆನಸಿ ಇಟ್ರ ಒಂದೀಟು ತಿಂತು. ಹನ್ನೊಂದನೇ ದಿನ ಮುಂಜಾನಿ ಸತ್ತು ಬಿದ್ದಿತ್ತು. ಇನ್ನೊಂದು ಮಾತು ಕೇಳ್ರಿ, ಇದ ಮುಖ್ಯ. ಕೆಂಚಿ ಸತ್ತ ಮ್ಯಾಲೂ ಕುಕ್ಕೋದು ನಿಲ್ಲಲಿಲ್ಲ. ವಾರದೊಳಗ ಗಿರಿರಾಜದಾಗಿನ ಒಂದು ಸುರು ಮಾಡ್ತು, ಅದರ ಹಿಂದ ಮತ್ತೊಂದು. ಅವತ್ತು ಸಂಜಿಗೆ ನಮ್ಮ ಅತ್ತಿ ಅಂದದ್ದು ಒಂದ ಮಾತು. "ಕೆಲಸ ಇಲ್ಲದ ಕೋಳಿ ಏನು ಮಾಡೀತವ್ವ?"

ಆ ಮಾತಿನ ಅರ್ಥ ನನಗ ಪೂರ್ತಿ ತಿಳಿದದ್ದು ಮಗಳು ಪಶುವೈದ್ಯಕಿ ಓದಾಕ ಹೋದ ಮ್ಯಾಲೆ. ರಜಾಕ್ಕ ಬಂದಾಗ ಆಕಿ ಓದಿ ಹೇಳ್ತಿದ್ಲು, ನಾ ರೊಟ್ಟಿ ಬಡಕೋತ ಕೇಳ್ತಿದ್ನಿ. ಆ ಕಥಿ ಸುರು ಆಗೋದು ನಮ್ಮ ದೇಶದಾಗಲ್ಲ, ಭಾಳ ದೂರದ ನಾರ್ವೆಯಾಗ, ಒಬ್ಬ ಸಣ್ಣ ಹುಡುಗನಿಂದ.

ಅವನ ಹೆಸರು ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ. ಹುಟ್ಟಿದ್ದು 1894ರಾಗ, ಈಗ ಓಸ್ಲೋ ಅಂತಾರಲ್ಲ ಆ ಊರಾಗ. ತಾಯಿ ಮೆಂಗಾ ಶೆಲ್ಡೆರುಪ್, ತಂದಿ ಆಕ್ಸೆಲ್ ಎಬ್ಬೆ, ಇಬ್ರೂ ಮೂರ್ತಿ ಕೆತ್ತೋ ಕಲಾವಿದ್ರು. ಹುಡುಗಗ ಸಣ್ಣಂದಿರತ ಕೋಳಿ ಹುಚ್ಚು. ತಾಸುಗಟ್ಟಲೆ ಕೋಳಿ ಮುಂದ ಕುಂದ್ರಾಂವ. ಒಂದೊಂದರ ಮುಖಾನೂ ಗುರುತು ಹಿಡಿತಿದ್ದ. ಹತ್ತು ವರ್ಷ ಆಗೋದ್ರಾಗ ನೋಟ್‌ಬುಕ್ ಇಟ್ಟು, ಯಾವ ಕೋಳಿ ಯಾವ ಕೋಳಿನ್ನ ಕುಕ್ಕತೈತಿ ಅಂತ ಬರಕೊಳ್ಳಾಕ ಹತ್ತಿದ. ನಮ್ಮ ಮಕ್ಕಳು ಹಂಗ ಕುಂತಿದ್ರ ನಾವು "ಎದ್ದು ಪಾಠ ಓದು" ಅಂತ ಬೈತಿದ್ವಿ ನೋಡ್ರಿ.

ಆ ಹುಡುಗ ಕಂಡದ್ದು ಏನಂದ್ರ, ಕೋಳಿ ಮನಸ್ಸಿಗೆ ಬಂದಂಗ ಜಗಳ ಆಡಂಗಿಲ್ಲ. ಅವಕ್ಕೊಂದು ಪಾಳಿ ಐತಿ. ಎಲ್ಲಾರ ಮ್ಯಾಲಿನಾಕಿ ಎಲ್ಲಾರನ್ನೂ ಕುಕ್ಕಬಹುದು, ಆಕಿನ್ನ ಯಾರೂ ಕುಕ್ಕಂಗಿಲ್ಲ. ಎರಡನೇದಾಕಿ ಒಬ್ಬಾಕಿನ್ನ ಬಿಟ್ಟು ಉಳಿದವ್ರನ್ನ ಕುಕ್ಕಬಹುದು. ಹಿಂಗ ಇಳಕೋತ ಹೋಗಿ, ಕಡೀಗಿನಾಕಿ ಎಲ್ಲಾರ ಕಡಿಂದನೂ ಕುಕ್ಕಸಿಕೊಳ್ಳಾಕಿ, ಆಕಿ ಯಾರನ್ನೂ ಕುಕ್ಕಂಗಿಲ್ಲ. ಒಮ್ಮೊಮ್ಮೆ ಪಾಳಿ ಸುತ್ತಾನೂ ಹಾಕತೈತಿ. ಮೊದಲನೇದು ಎರಡನೇದಕ್ಕ ಜೋರು, ಎರಡನೇದು ಮೂರನೇದಕ್ಕ ಜೋರು, ಆದ್ರ ಮೂರನೇದು ತಿರಗಿ ಮೊದಲನೇದಕ್ಕ ಜೋರು. ಇದನ್ನೆಲ್ಲಾ ಅವ ದೊಡ್ಡಾಂವಾದ ಮ್ಯಾಲೆ, 1922ರಾಗ, ಜರ್ಮನ್ ಭಾಷೆಯ ಒಂದು ಮನಃಶಾಸ್ತ್ರ ಪತ್ರಿಕೆಯಾಗ ಬರದ. ಇಂಗ್ಲಿಷ್‌ನಾಗ ಆಫೀಸಿನವ್ರು "ಪೆಕಿಂಗ್ ಆರ್ಡರ್" ಅಂತಾರಲ್ಲ, ಆ ಮಾತು ಹುಟ್ಟಿದ್ದು ಈ ಕೋಳಿಗಳಿಂದ. ಇಷ್ಟು ದೊಡ್ಡ ಸಂಗತಿ ಕಂಡುಹಿಡಿದವಗ ತನ್ನ ದೇಶದ ವಿಶ್ವವಿದ್ಯಾಲಯದಾಗ ಮಾತ್ರ ದೊಡ್ಡ ಜಾಗ ಸಿಗಲಿಲ್ಲ. ಮನಷ್ಯಾರಾಗೂ ಪಾಳಿ ಐತಲ್ಲ.

ಇಲ್ಲೊಂದು ಸೂಕ್ಷ್ಮ ಐತಿ. ಪಾಳಿ ಸಲುವಾಗಿ ಕುಕ್ಕೋದು ಬ್ಯಾರೆ, ಪುಕ್ಕ ಕೀಳೋದು ಬ್ಯಾರೆ. ಪಾಳಿ ಕುಕ್ಕು ತಲಿ ಮ್ಯಾಲೆ ಬೀಳತೈತಿ, ಟಕ್ ಅಂತ ಒಂದ ಏಟು, ಕೆಳಗಿನಾಕಿ ಸರೀತಾಳ, ಮುಗೀತು. ಪಾಳಿ ಗಟ್ಟಿ ಆದ ಮ್ಯಾಲೆ ಜಗಳ ಕಡಿಮಿ ಆಗತೈತಿ. ಪುಕ್ಕ ಕೀಳೋದು ಹಂಗಲ್ಲ. ಬೆನ್ನು, ಬಾಲ, ಹೊಟ್ಟಿ ಕಡೆ ಮೆಲ್ಲಕ ಹೋಗಿ ಎಳಿಯೋದು. ಸಿಟ್ಟಿನ ಗುರುತ ಇರಂಗಿಲ್ಲ. ಕೆಂಚಿ ಮಾಡ್ತಿದ್ದದ್ದು ಇದು. ನಾ ಅದನ್ನ ಸೊಕ್ಕು ಅಂತ ತಿಳಕೊಂಡಿದ್ನಿ.

ಹಂಗಾರ ಅದು ಏನು? ಅದಕ್ಕ ಉತ್ತರ ಸಿಗೋದಕ್ಕಿಂತ ಮೊದಲ, ಕೋಳಿ ನಮ್ಮಂಥ ಹೆಣ್ಮಕ್ಕಳ ಹಿತ್ತಲದಿಂದ ದೊಡ್ಡ ಶೆಡ್ಡಿಗೆ ಹೋತು. ಇದರಾಗೂ ಒಬ್ಬ ಮನಿಯಾಕಿ ಬರ್ತಾಳ ನೋಡ್ರಿ. 1923ರಾಗ ಅಮೆರಿಕಾದ ಡೆಲವೇರ್ ಸೀಮಿಯ ಓಶನ್ ವ್ಯೂ ಅನ್ನೋ ಊರಾಗ ಸಿಸಿಲ್ ಸ್ಟೀಲ್ ಅನ್ನೋ ಹೆಣ್ಮಗಳು ತತ್ತಿ ಸಲುವಾಗಿ 50 ಮರಿ ಬೇಕಂತ ಹೇಳಿ ಕಳಿಸಿದ್ಲು. ತಪ್ಪಿ 500 ಮರಿ ಬಂದ್ವು. ಆಕಿ ತಿರಗಿ ಕಳಿಸಲಿಲ್ಲ, ಎಲ್ಲಾನೂ ಸಾಕಿದ್ಲು. ಉಳಿದ 387 ಕೋಳಿನ್ನ ಮಾಂಸಕ್ಕ ಮಾರಿ ಚಲೋ ರೊಕ್ಕ ಮಾಡಿದ್ಲು. 1926ಕ್ಕ ಆಕಿ ಹಂತ್ಯಾಕ ಹತ್ತು ಸಾವಿರ ಕೋಳಿ ಹಿಡಿಯೋ ಮನಿ ಎದ್ದಿತ್ತು. ಅಮೆರಿಕಾದ ಬ್ರಾಯ್ಲರ್ ಧಂದೆ ಸುರು ಆದದ್ದು ಈ ಹೆಣ್ಮಗಳಿಂದ ಅಂತಾರ.

ಅದ ಕಾಲಕ್ಕ ಡಿ ಜೀವಸತ್ವ ಏನಂತ ಗೊತ್ತಾತು. ಅದಕ್ಕಿಂತ ಮೊದಲ ಕೋಳಿನ್ನ ಬಿಸಲಿಲ್ಲದ ಕಡೆ ಇಟ್ರ ಕಾಲು ಸೊಟ್ಟ ಆಗಿ ಸಾಯ್ತಿದ್ವು. ಮೀನೆಣ್ಣಿ ಕಾಳಿನ್ಯಾಗ ಕೂಡಿಸಿ ಹಾಕಿದ್ರ ವರ್ಷಪೂರ್ತಿ ಒಳಗ ಇಡಬಹುದು ಅಂತ ತಿಳಿದ ಮ್ಯಾಲೆ, ತತ್ತಿ ಕೋಳಿನೂ ಒಳಗ ಹೋದ್ವು. ಮುಂದ ತಂತಿ ಪಂಜರ ಬಂದ್ವು. ಒಂದ ಸೂರಿನ ಕೆಳಗ ಸಾವಿರ ಸಾವಿರ ಕೋಳಿ. ಕೆದರಾಕ ಮಣ್ಣಿಲ್ಲ, ಹುಡುಕಾಕ ಹುಳ ಇಲ್ಲ, ಮುಖ ಗುರುತು ಹಿಡದು ಪಾಳಿ ಮಾಡ್ಕೊಳ್ಳಾಕ ಆಗಂಗಿಲ್ಲ. ತಿನ್ನೋದು ಗಳಿಗೀನ್ಯಾಗ ಮುಗೀತು. ಉಳಿದ ಹೊತ್ತು ಎದುರಿಗಿರೋದು ಇನ್ನೊಂದು ಕೋಳಿ ಬೆನ್ನು. ಪುಕ್ಕ ಕೀಳೋದು, ರಕ್ತ ತಗಿಯೋದು, ಒಂದನ್ನೊಂದು ತಿನ್ನೋ ಮಟಾ ಹೋಗೋದು ಫಾರಂನವ್ರಿಗೆ ದೊಡ್ಡ ತಲಿನೋವಾತು.

ಅದಕ್ಕ ಅವ್ರು ಹುಡುಕಿದ ಉಪಾಯ ಕೇಳಿದ್ರ ನೀವು ನಗ್ತೀರಿ. ಕೋಳಿಗೆ ಚಾಳೀಸು! ಖರೇನ ಹೇಳಾಕತ್ತೀನಿ. 1903ರಾಗನ ಅಮೆರಿಕಾದ ಟೆನೆಸ್ಸಿಯ ಆಂಡ್ರೂ ಜಾಕ್ಸನ್ ಅನ್ನಾಂವ ಕೋಳಿ ಕಣ್ಣಿಗೆ ಕಾವಲಿರೋ ಚಾಳೀಸಿಗೆ ಪೇಟೆಂಟ್ ತಗೊಂಡಿದ್ದ. ಬ್ಯಾರೆ ಕೋಳಿ ಕಣ್ಣಿಗೆ ಕುಕ್ಕಬಾರದು ಅಂತ ಅವನ ವಿಚಾರ. ಮುಂದ ಕಂಪನಿಯವ್ರು ಕೆಂಪು ಗಾಜಿನವು ಮಾಡಿದ್ರು. ಕೆಂಪು ಗಾಜಿನಾಗ ನೋಡಿದ್ರ ಎಲ್ಲಾ ಕೆಂಪ ಕಾಣತೈತಿ, ರಕ್ತ ಬ್ಯಾರೆ ಕಾಣಂಗಿಲ್ಲ. ಕೆಂಟಕಿಯ ಒಂದು ಕಂಪನಿ ಮಾಡಿದ್ದರಾಗ ಗಾಜು ಜೋತಾಡ್ತಿದ್ವು. ಕಾಳು ತಿನ್ನಾಕ ತಲಿ ಬಗ್ಗಿಸಿದ್ರ ಗಾಜು ಮುಂದ ಸರದು ನೆಲ ಚೊಲೋತ್ನಾಗಿ ಕಾಣತಿತ್ತು, ತಲಿ ಎತ್ತಿದ್ರ ಮತ್ತ ಕಣ್ಣಿಗೆ ಅಡ್ಡ ಬರ್ತಿದ್ವು. ಇದನ್ನ ಓದಿ ನಾನೂ ಮಗಳೂ ಹೊಟ್ಟಿ ಹಿಡಕೊಂಡು ನಕ್ವಿ. ಆಮ್ಯಾಲೆ ಮಗಳು, "ಅವ್ವ, ಕೆಲವು ಚಾಳೀಸು ನಿಲ್ಲಸಾಕ ಮೂಗಿನಾಗ ಮೊಳಿ ಚುಚ್ಚತಿದ್ರಂತ" ಅಂದ್ಲು. ನಗು ನಿಂತು ಹೋತು.

ಸಾವಿರಾರು ಕೋಳಿಗೆ ಚಾಳೀಸು ಹಾಕೋದು ತ್ರಾಸಿನ ಕೆಲಸ. ಹಂಗಾಗಿ ಕೊಕ್ಕಿಗೆ ಕೈ ಹಚ್ಚಿದ್ರು. 1930ರ ದಶಕದಾಗ ಅಮೆರಿಕಾದ ಓಹಾಯೋ ಕಡೆ ಕೊಕ್ಕಿನ ತುದಿ ಕತ್ತರಿಸಿ ನೋಡಿದ್ರು. ಅಷ್ಟ ಕತ್ತರಿಸಿದ್ರ ಅದು ತಿರಗಿ ಬೆಳೀತಿತ್ತು. 1940ರ ದಶಕದಾಗ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕಡೆಯ ಒಬ್ಬ ಕೋಳಿ ಸಾಕಣೆದಾರ ಬೆಂಕಿಲೆ ಮ್ಯಾಲಿನ ಕೊಕ್ಕು ಸುಟ್ಟು ನೋಡಿದ. ಸುಟ್ಟದ್ದು ಬೆಳಿಯಂಗಿಲ್ಲ ಅಂತ ಗೊತ್ತಾತು. ಮುಂದ ಅಲ್ಲಿನ ಒಂದು ವಿದ್ಯುತ್ ಸಾಮಾನಿನ ಕಂಪನಿ ಅದಕ್ಕಂತ ಕಾದ ಬ್ಲೇಡಿನ ಮಷೀನು ಮಾಡಿ ಮಾರಿತು. ಅಲ್ಲಿಂದ ಆ ಬ್ಲೇಡು ಜಗತ್ತೆಲ್ಲಾ ಹೋತು. ನಮ್ಮ ದೇಶದ ತತ್ತಿ ಫಾರಂಗೂ ಬಂತು. ಅಲ್ಲಿಂದ ನಮ್ಮ ಸಂಬಂಧಿಕನ ಬಾಯಿಗೆ, ಅವನ ಬಾಯಿಂದ ನನ್ನ ಕುಡಗೋಲಿಗೆ. ಅಷ್ಟು ದೂರದಿಂದ ಬಂದ ಬುದ್ಧಿ ನಮ್ಮ ಒಲಿ ಮುಂದ ಬಂದು ಕುಂತಿತ್ತು.

"ಉಗರು ಕತ್ತರಿಸಿದಂಗ" ಅಂದಿದ್ದನಲ್ಲ, ಆ ಮಾತು ಭಾಳ ವರ್ಷ ಎಲ್ಲಾರೂ ನಂಬಿದ್ದ ಮಾತು. 1980ರ ದಶಕದಾಗ ಸ್ಕಾಟ್ಲೆಂಡಿನ ಎಡಿನ್‌ಬರೋದಾಗ ಮೈಕೆಲ್ ಜೆಂಟಲ್ ಮತ್ತ ಅವನ ಜೊತೆಯವ್ರು ಕೊಕ್ಕಿನೊಳಗಿನ ನರ ನೋಡಿದ್ರು. ಕೊಕ್ಕಿನ ತುದಿತನಕ ನರ ಅದಾವ. ನಮಗ ಬೆರಳ ತುದಿ ಹೆಂಗೋ, ಕೋಳಿಗೆ ಕೊಕ್ಕು ಹಂಗ. ಅದರಿಂದನ ಅದು ಕಾಳು ಯಾವ್ದು, ಕಲ್ಲು ಯಾವ್ದು ಅಂತ ಮುಟ್ಟಿ ತಿಳೀತೈತಿ. ದೊಡ್ಡ ಕೋಳಿ ಕೊಕ್ಕು ಸುಟ್ಟು ಕತ್ತರಿಸಿದ್ರ, ಕತ್ತರಿಸಿದ ನರದ ತುದಿ ಗಂಟು ಕಟ್ಟಿ, ಸುಮ್ನಿದ್ದಾಗನೂ ಮಿಡೀತಿರತೈತಿ. ಕೈ ಕಾಲು ಕಳಕೊಂಡ ಮನಷ್ಯಾರಿಗೂ ಇಂಥಾ ಗಂಟಿನಿಂದನ ನೋವು ಬರತೈತಂತ. ಮಗಳು ಇದನ್ನ ಓದಿ ಹೇಳಿದ ದಿನ ನಾ ಲಟ್ಟಣಗಿ ಕೆಳಗಿಟ್ಟು ಹಿತ್ತಲಕ್ಕ ಹೋಗಿ ಕುಂತ್ನಿ. ಕೆಂಚಿ ಜ್ವಾಳದ ಕಾಳಿಗೆ ಕೊಕ್ಕು ಹಚ್ಚಿ ತಲಿ ಝಾಡಸ್ತಿದ್ದದ್ದು ಯಾಕ ಅಂತ ಅವತ್ತು ತಿಳೀತು.

ಇನ್ನ ನಮ್ಮ ಅತ್ತೀ ಮಾತಿಗೆ ಬರ್ತೀನಿ. 1986ರಾಗ ಹಾಲೆಂಡಿನ ಬ್ಲಾಕ್‌ಹೌಸ್ ಅನ್ನೋ ವಿಜ್ಞಾನಿ ಒಂದು ಸಂಗತಿ ಬರದ. ಪುಕ್ಕ ಕೀಳೋದು ಜಗಳ ಅಲ್ಲ, ಅದು ದಾರಿ ತಪ್ಪಿದ ಕೆಲಸ ಅಂತ. ನೆಲ ಕುಕ್ಕಬೇಕಾದ ಕೊಕ್ಕಿಗೆ ಕುಕ್ಕುವಂಥ ನೆಲ ಸಿಗಲಿಲ್ಲ ಅಂದ್ರ, ಅದು ಮಗ್ಗಲದಾಗಿನ ಕೋಳಿ ಪುಕ್ಕಕ್ಕ ಹೋಗತೈತಿ. 1989ರಾಗ ಇಂಗ್ಲೆಂಡಿನ ಮರಿಯನ್ ಡಾಕಿನ್ಸ್ ಅನ್ನೋ ವಿಜ್ಞಾನಿ, ಆಕಿನೂ ಹೆಣ್ಮಗಳ, ನಮ್ಮ ಕೋಳಿಗಳ ಮೂಲದ ಕೆಂಪು ಕಾಡುಕೋಳಿ ದಿನಾ ಏನು ಮಾಡ್ತಾವ ಅಂತ ನಿಮಿಷ ನಿಮಿಷಕ್ಕ ಬರಕೊಂಡ್ಲು. ಅವಕ್ಕ ಕಾಳು ಬೇಕಾದಷ್ಟು ಹಾಕಿದ್ರೂ, ನೋಡಿದ ನೂರು ನಿಮಿಷದಾಗ ಸುಮಾರು 60ರಾಗ ನೆಲ ಕುಕ್ಕತಿದ್ವು, 34ರಾಗ ಕಾಲಿಲೆ ಕೆದರ್ತಿದ್ವು. ಹೊಟ್ಟಿ ತುಂಬಿದ್ರೂ ಕೆಲಸ ಬೇಕು ಅವಕ್ಕ. ಈಗ ನನ್ನ ಪರಸಿ ಹಾಸಿದ ಗೂಡು ನೆನಸ್ಕೊಳ್ರಿ. ಕಾಳು ಹಾಕಿದ್ನಿ, ನೀರು ಇಟ್ನಿ, ದಿನಾ ತೊಳದ್ನಿ. ಕೆದರಾಕ ಒಂದು ಹಿಡಿ ಮಣ್ಣು ಮಾತ್ರ ಇಟ್ಟಿರಲಿಲ್ಲ. "ಕೆಲಸ ಇಲ್ಲದ ಕೋಳಿ ಏನು ಮಾಡೀತು" ಅಂತ ಸಾಲಿ ಕಲೀದ ನಮ್ಮ ಅತ್ತಿ ಅಂದದ್ದೂ, ಆ ದೇಶದ ವಿಜ್ಞಾನಿಗಳು ಹೇಳಿದ್ದೂ ಒಂದ.

ಇನ್ನೊಂದು ಕಥಿ ನಿಮಗ ಹಿಡಸತೈತಿ. ಅಮೆರಿಕಾದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ ಕೋಳಿ ತಳಿ ಆರಿಸೋದ್ರಾಗ ಒಂದು ಬ್ಯಾರೆ ದಾರಿ ಹಿಡದ. ಎಲ್ಲಾರೂ ಹೆಚ್ಚು ತತ್ತಿ ಇಡೋ ಒಂದೊಂದ ಕೋಳಿನ್ನ ಆರಿಸಿ ಮರಿ ಮಾಡಸ್ತಿದ್ರು. ಅದರಾಗ ಆಗೋದು ಏನಂದ್ರ, ಉಳಿದವ್ರನ್ನ ಕುಕ್ಕಿ ತಿನ್ನಾಕಿನ ಮುಂದ ಬರಬಹುದು. ಮ್ಯೂರ್ ಒಂದು ಕೋಳಿ ನೋಡಲಿಲ್ಲ, ಇಡೀ ಪಂಜರ ನೋಡಿದ. ಯಾವ ಪಂಜರದ ಕೋಳಿ ಎಲ್ಲಾ ಕೂಡಿ ಚಲೋ ಬದುಕಿ ಚಲೋ ತತ್ತಿ ಇಟ್ಟಾವ, ಆ ಮನಿತನದವ್ರನ್ನ ಆರಿಸಿದ. 1996ರಾಗ ಅವ ಬರದ ಪ್ರಕಾರ, ಕೊಕ್ಕು ಕತ್ತರಿಸದ ಆ ತಳಿಯಾಗ ಎರಡನೇ ಪೀಳಿಗೆಗೆ ವರ್ಷಕ್ಕ ನೂರಕ್ಕ 68 ಸಾಯ್ತಿದ್ದವು, ನಾಕನೇ ಪೀಳಿಗೆಗೆ ನೂರಕ್ಕ 9ರ ಒಳಗ ಬಂದ್ವು. ಬಿಡಿ ಬಿಡಿಯಾಗಿ ಇಟ್ಟ ಕೋಳಿಯಷ್ಟ ಚಲೋ ಬದುಕಿದ್ವು.

ಇದನ್ನ ಕೇಳಿ ನನಗ ನಮ್ಮ ಹಳೇ ಅಡಗಿ ಮನಿ ನೆನಪಾತು. ನಾವು ಮೂರು ಜನ ನೆಗೆಣ್ಣ್ಯಾರು, ಒಂದ ಒಲಿ, ಒಬ್ರು ಕುಂತ್ರ ಇನ್ನೊಬ್ರು ನಿಲ್ಲಾಕ ಜಾಗಿಲ್ಲ. ದಿನಾ ಮಾತಿಗೆ ಮಾತು. ಆಗ ಎಲ್ಲಾರೂ "ಆಕಿ ಸ್ವಭಾವನ ಹಂಗ" ಅಂತ ದೊಡ್ಡ ನೆಗೆಣ್ಣಿ ಮ್ಯಾಲೆ ಹಾಕ್ತಿದ್ವಿ, ನಾನೂ ಅಂದೀನಿ. ಮೈದುನನ ಮನಿ ಬ್ಯಾರೆ ಆಗಿ, ಒಲಿ ಬ್ಯಾರೆ ಆದ ಮ್ಯಾಲೆ ಅದ ನೆಗೆಣ್ಣಿ ನನ್ನ ಬಾಣಂತನಕ್ಕ ಬಂದಾಕಿಗಿಂತ ಹೆಚ್ಚು ಜೀವ ಹಚಿಗೊಂಡ್ಲು. ಆಕಿ ಇದನ್ನ ಓದ್ತಾಳ, ನನಗ ಗೊತ್ತು. ಅಕ್ಕಾ, ನಿಂದೂ ತಪ್ಪಿರಲಿಲ್ಲ.

ಜಗತ್ತು ಒಂದೀಟು ಒಂದೀಟಾಗಿ ತಿದ್ಕೊಂಡೈತಿ. 1964ರಾಗ ಇಂಗ್ಲೆಂಡಿನ ರೂಥ್ ಹ್ಯಾರಿಸನ್ ಅನ್ನೋ ಹೆಣ್ಮಗಳು ಪಂಜರದ ಪ್ರಾಣಿಗಳ ಬಗ್ಗೆ ಪುಸ್ತಕ ಬರದ್ಲು, ಅದರಿಂದ ಅಲ್ಲಿನ ಸರಕಾರ ಸಮಿತಿ ಕೂಡಸಬೇಕಾತು. ಆ ಕೋಳಿ ಹುಡುಗನ ನಾರ್ವೆ 1974ರಾಗನ ಕೊಕ್ಕು ಕತ್ತರಿಸೋದನ್ನ ನಿಲ್ಲಿಸಿತು. ಯುರೋಪಿನ ಒಕ್ಕೂಟದ ದೇಶಗಳಾಗ 2012ರಿಂದ ಹಳೇ ನಮೂನಿ ತಂತಿ ಪಂಜರ ಬಂದ್ ಆದ್ವು. ನಮ್ಮ ಕಡೆ ಫಾರಂನಾಗ ಬ್ಲೇಡು ಇನ್ನೂ ಐತಿ. ಫಾರಂನಾಗ ದುಡಿಯೋ ನಮ್ಮ ಹುಡುಗರನ್ನ ಬೈಯಾಕ ನಾ ಇದನ್ನ ಬರ್ಯಾಕತ್ತಿಲ್ಲ. ಸಾವಿರ ಕೋಳಿದು ಅವರ ತ್ರಾಸು ಬ್ಯಾರೆ. ಆದ್ರ ಹತ್ತು ಕೋಳಿ ಇರೋ ನಮ್ಮ ಹಿತ್ತಲಕ್ಕ ಆ ಬ್ಲೇಡು ಬ್ಯಾಡ.

ಹಂಗಾರ ಏನು ಮಾಡಬೇಕು? ಮೊದಲ ಪುಕ್ಕ ಎಲ್ಲಿ ಹೋಗೈತಿ ನೋಡ್ರಿ. ಎಲ್ಲಾ ಪುಕ್ಕ ಉದುರೋದೂ ಕುಕ್ಕಿದ್ದಲ್ಲ. ವರ್ಷಕ್ಕೊಮ್ಮೆ ಕೋಳಿ ತಾನ ಪುಕ್ಕ ಬದಲಸತೈತಿ. ತಲಿ ಕುತಗಿಯಿಂದ ಸುರು ಆಗಿ ಬಾಲದ ಕಡೆ ಇಳೀತೈತಿ, ಎರಡು ಮೂರು ತಿಂಗಳು ಹಿಡಿತೈತಿ, ಆಗ ತತ್ತಿ ನಿಲ್ಲತೈತಿ, ಗಾಬರಿ ಬ್ಯಾಡ. ಕಾವು ಕುಂತಾಕಿ ಎದಿ ಪುಕ್ಕ ತಾನ ಕಿತಗೋತಾಳ. ಹುಂಜ ಒಂದ, ಹ್ಯಾಟಿ ಎರಡು ಮೂರ ಇದ್ರ, ಹ್ಯಾಟಿ ಬೆನ್ನ ಪುಕ್ಕ ಹುಂಜನ ಕಾಲಿಗೆ ಮುರೀತಾವ. ರಾತ್ರಿ ಬ್ಯಾಟರಿ ಹಿಡದು ಗೂಡಿನ ಸಂದಿ ನೋಡ್ರಿ. ಕೆಂಪು ಹೇನು ಹಗಲಿ ಸಂದಿಯಾಗ ಅಡಗಿ ರಾತ್ರಿ ಹತ್ತತಾವ. ಇವು ಯಾವೂ ಅಲ್ಲ, ಬಾಲದ ಬುಡ, ಬೆನ್ನು ಬೋಳಾಗಿ ಗಾಯ ಆಗೈತಿ ಅಂದ್ರ ಅದು ಕುಕ್ಕಿದ್ದು.

ಗಾಯ ಆದಾಕಿನ್ನ ಅವತ್ತ ತಗದು ಬ್ಯಾರೆ ಇಡ್ರಿ, ರಕ್ತ ಕಂಡ್ರ ಉಳಿದವು ಬಿಡಂಗಿಲ್ಲ. ಗಾಯ ತೊಳದು ಅರಿಷಿಣ ಹಚ್ರಿ. ಆದ್ರ ಜಾಳಿಗಿ ಆ ಕಡೆ ಈ ಕಡೆ ಮುಖ ಕಾಣುವಂಗ ಇಡ್ರಿ, ಇಲ್ಲಂದ್ರ ತಿರಗಿ ಬಿಟ್ಟಾಗ ಹೊಸಬಳ ಅಂತ ಮತ್ತ ಪಾಳಿ ಜಗಳ ಹತ್ತತೈತಿ. ಭಾಳ ಕುಕ್ಕಾಕಿ ಒಬ್ಬಾಕಿನ ಇದ್ರ ಆಕಿನ್ನೂ ಎರಡು ಮೂರು ದಿನ ಬ್ಯಾರೆ ಇಟ್ಟು ಬಿಡ್ರಿ, ತಿರಗಿ ಬಂದಾಗ ಜೋರು ಕಡಿಮಿ ಆಗಿರತೈತಿ. ಹೊಸ ಕೋಳಿ ತಂದ್ರ ಒಂದ ತರಬ್ಯಾಡ್ರಿ, ಎರಡು ಮೂರು ತರ್ರಿ, ವಾರ ಬ್ಯಾರೆ ಇಟ್ಟು ರಾತ್ರಿ ಮಲಗಿದಾಗ ಕೂಡಿಸ್ರಿ. ಕಾಳಿನ ಬಟ್ಲ ಎರಡು ಕಡೆ ಇಡ್ರಿ, ಕೆಳಗಿನ ಪಾಳಿಯಾಕಿನೂ ತಿನ್ಲಿ.

ಎಲ್ಲಕ್ಕಿಂತ ಹೆಚ್ಚು, ಕೆಲಸ ಕೊಡ್ರಿ. ನೆಲಕ್ಕ ಗೇಣು ದಪ್ಪ ಹೊಟ್ಟು, ಒಣ ಎಲಿ ಹಾಕಿ ಕಾಳು ಅದರಾಗ ಚೆಲ್ರಿ, ಕೆದರಿ ಹುಡುಕ್ಲಿ. ಮೆಂತೆ ಪಲ್ಯ, ಹಕ್ಕರಕಿ, ಕೋಬಿ ಎಲಿ ಸೂಡು ಕಟ್ಟಿ ತಲಿ ಮಟ್ಟಕ್ಕ ಜೋತು ಬಿಡ್ರಿ. ಒಂದು ಮೂಲ್ಯಾಗ ಬೂದಿ ಮಣ್ಣು ಇಡ್ರಿ. ಪುಕ್ಕದಾಗ ನೂರಕ್ಕ 85ರ ಮ್ಯಾಲೆ ಪ್ರೋಟೀನು, ಬರೇ ನುಚ್ಚು ತಿಂದು ಪುಕ್ಕ ಬರಂಗಿಲ್ಲ. ಎಳ್ಳಿನ ಹಿಂಡಿ, ಒಣ ಮೀನಿನ ಪುಡಿ ಒಂದೀಟು ಕೂಡಿಸ್ರಿ. ಬೂಸ್ಟು ಹಿಡದ ಶೇಂಗಾ ಹಿಂಡಿ ಮಾತ್ರ ಹಾಕಬ್ಯಾಡ್ರಿ, ಕೋಳಿಗೆ ವಿಷ ಅದು.

ನಾ ಗೂಡಿನ ಪರಸಿ ಎಬ್ಬಿಸಿ ಮಣ್ಣು ಹಾಕಿಸಿದ್ದು ಕೆಂಚಿ ಸತ್ತ ಆರು ತಿಂಗಳಿಗೆ. ಕೋಳಿ ಹದಿನಾಕರಿಂದ ಆರಕ್ಕ ಇಳಿಸಿದ್ನಿ, ದಿನಾ ಸಂಜಿ ಎರಡು ತಾಸು ಹಿತ್ತಲದಾಗ ಬಿಡಾಕ ಹತ್ತಿದ್ನಿ. ಅತ್ತಿ ಕಟ್ಟಿ ಮ್ಯಾಲೆ ಕುಂತು ಕಾಯ್ತಿದ್ರು. ಕುಕ್ಕೋದು ನಿಂತಿತು. ಅತ್ತಿ ಕೆಂಚಿ ಹೆಸರು ಮತ್ತ ಎತ್ತಲಿಲ್ಲ. ನಾನೂ ತಪ್ಪಾತು ಅನ್ನಲಿಲ್ಲ. ಈಗ ಅತ್ತಿ ಇಲ್ಲ.

ಓಣಿಯ ಸೊಸಿ ಸಂಗಾಟ ಅವರ ಮನಿಗೆ ಹೋಗಿ ನೋಡಿದ್ನಿ. ಸಿಮೆಂಟಿನ ನೆಲ, ಸಣ್ಣ ಗೂಡು, ಹನ್ನೊಂದು ಕೋಳಿ. ಕೆಟ್ಟ ಕೋಳಿ ಯಾವ್ದೂ ಇರಲಿಲ್ಲ. ಇಬ್ರೂ ಕೂಡಿ ಎರಡು ಚೀಲ ಹೊಟ್ಟು ಹಾಕಿದ್ವಿ, ಸೊಪ್ಪಿನ ಸೂಡು ಕಟ್ಟಿದ್ವಿ, ಐದು ಕೋಳಿ ಅವರ ತವರಿಗೆ ಹೋದ್ವು. ನಿನ್ನೆ ಆಕಿ ಮತ್ತ ಸೆರಗಿನ್ಯಾಗ ಅದ ಕೋಳಿ ತಂದು ತೋರಿಸಿದ್ಲು. ಬುಡ ಸಮೇತ ಕಿತ್ತ ಪುಕ್ಕ ಕೆಲವು ವಾರದಾಗ ತಿರಗಿ ಬರತೈತಿ, ಅರ್ಧ ಮುರದದ್ದು ಮಾತ್ರ ಮುಂದಿನ ಪುಕ್ಕ ಬದಲಸೋ ತನಕ ಕಾಯಬೇಕು. ಇದರ ಬಾಲದ ಕಡೆ ಮುಳ್ಳಿನಂಥ ಹೊಸ ಪುಕ್ಕ ಎದ್ದಾವ. ಹೊಸ ಪುಕ್ಕದಾಗ ರಕ್ತ ಇರತೈತಿ, ಇನ್ನೂ ಹದಿನೈದು ದಿನ ಬ್ಯಾರೆ ಇಡು ಅಂತ ಹೇಳಿ ಕಳಿಸೀನಿ. ಹೋಗೋ ಮುಂದ "ಅದರ ಹೆಸರೇನವ್ವ?" ಅಂತ ಕೇಳಿದ್ನಿ. ಇನ್ನೂ ಇಟ್ಟಿಲ್ಲ ಅಂದ್ಲು. ಕುಕ್ಕಾಕಿಗೂ ಒಂದು ಹೆಸರಿಡು ಅಂದ್ನಿ.